ಮಾರುತಿಯ ಮುಂದೆ ಬರಿಗಾಲಲ್ಲಿ

ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರಿನ ಎರಡು ಉಕ್ಕಿನ ಸರಳುಗಳು ಶೂವಿನ ಹಿಮ್ಮಡಿಯೊಳಗೆ ಸಿಕ್ಕಿಕೊಂಡು ನಿಲ್ಲುತ್ತವೆ. ಶೂ ಕಳಚಿದರೆ ಆಧಾರವೂ ಅದರೊಂದಿಗೆ ಕಳಚಿಹೋಗುತ್ತದೆ.

ಎಳೆಯ ವಯಸ್ಸಿನಲ್ಲಿ ಪೋಲಿಯೊ ಬಂದು ನನ್ನ ಬಲ ಪಾದ ಜೋತುಬಿದ್ದಿತ್ತು. ಕ್ಯಾಲಿಪರ್ ಅದನ್ನು ಎತ್ತಿ ಹಿಡಿದದ್ದರಿಂದಲೇ ಪುಣೆಯ ಬಸ್ಸುಗಳನ್ನು ಹತ್ತಿಳಿದು ಎಂ.ಎಸ್ಸಿ. ಮುಗಿಸಿದೆ. ಆದರೆ ಚರ್ಮದ ಶೂ ಹಾಕಿಕೊಂಡು ಗುಡಿಯೊಳಗೆ ಹೋಗುವಂತಿಲ್ಲ. ಕಳಚಿದರೆ, ಬೆರಳು ನೆಲಕ್ಕೆ ಎಡವದಂತೆ ಪ್ರತಿ ಹೆಜ್ಜೆಗೂ ಮೊಣಕಾಲನ್ನು ಮೇಲಕ್ಕೆತ್ತಿ ಇಡಬೇಕು.

೧೯೮೪ರ ಶ್ರಾವಣದ ಒಂದು ಶನಿವಾರ, ಪುಣೆಯ ನಮ್ಮ ಪೇಟೆಯ ಮಾರುತಿ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಬೆರಳು ಕಲ್ಲಿಗೆ ತಗುಲಿ ಬಿದ್ದೆ. ಮಣಿಕಟ್ಟು ಮುರಿಯಿತು.

"ಇನ್ನ ಹೊರಗ ನಿಂತ ಕೈಮುಗಿಯವ್ವಾ. ಅವಗ ಅಲ್ಲಿಂದನೂ ಕಾಣಸ್ತಿ," ಎಂದರು ಅಮ್ಮ.

ನಾನು ಹೊರಗೂ ನಿಲ್ಲಲಿಲ್ಲ, ಹೋಗುವುದನ್ನೇ ಬಿಟ್ಟೆ. ಮನೆಯಲ್ಲೇ ಕುಳಿತು, ಈ ಪಾದವನ್ನು ವಾಸಿಮಾಡು, ನಿನ್ನ ಸುತ್ತ ನನ್ನ ಕಾಲಿನಲ್ಲೇ ಬರುತ್ತೇನೆ ಎಂದು ಬೇಡಿಕೊಂಡೆ. ಚಳಿಗಾಲ ಕಳೆಯಿತು. ಪಾದ ಹೇಗಿತ್ತೋ ಹಾಗೇ ಇತ್ತು. ನನ್ನ ಮಾತು ಅವನಿಗೆ ಮುಟ್ಟುತ್ತಿಲ್ಲ ಎನ್ನಿಸತೊಡಗಿತು.

ಒಂದು ದಿನ ಬಸ್ಸಿನ ನೂಕುನುಗ್ಗಲಲ್ಲಿ ಕ್ಯಾಲಿಪರಿನ ಸರಳು ಮುರಿಯಿತು. ಆಸ್ಪತ್ರೆಗೆ ಹೋದರೆ ಹೊಸ ಡಾಕ್ಟರು ಬಂದಿದ್ದರು, ಬೆಳಗಾವಿಯ ಹೆಣ್ಣುಮಗಳು.

"ಮನ್ಯಾಗ ಹೆಂಗ ಅಡ್ಡಾಡ್ತೀರಿ?"

"ಗ್ವಾಡಿ ಹಿಡಕೊಂಡ್ರಿ."

"ಯಾಕ, ಶೂ ಹಾಕೊಳ್ಳೂದಿಲ್ಲೇನು?"

"ಅಡಿಗಿಮನ್ಯಾಗ, ದೇವರ ಮನ್ಯಾಗ ಹೆಂಗ ಹಾಕೊಳ್ಳೂದ್ರಿ?"

ಅವರು ಪೆನ್ನು ಕೆಳಗಿಟ್ಟರು. "ಅಲ್ರೀ, ಇಷ್ಟ್ ವರ್ಷ ಇದನ್ನ ಯಾರಿಗೂ ಹೇಳಿಲ್ಲೇನು?"

"ಯಾರೂ ಕೇಳಿಲ್ರಿ."

ನಿಜ. ಆಸ್ಪತ್ರೆಗೆ ಶೂ ಹಾಕಿಕೊಂಡೇ ಬರುತ್ತಿದ್ದೆ, ಶೂ ಹಾಕಿಕೊಂಡೇ ನಡೆದು ತೋರಿಸುತ್ತಿದ್ದೆ. ಗುಡಿಗೆ ಹೋಗುವುದು ನನ್ನ ಖಾಸಗಿ ವಿಷಯ ಎಂದುಕೊಂಡಿದ್ದೆ.

ಡಾಕ್ಟರು ಕಾಲಿಗೆ ಪ್ಲಾಸ್ಟರಿನ ಅಚ್ಚು ತೆಗೆಸಿ, ಮೀನಖಂಡದಿಂದ ಬೆರಳಿನವರೆಗೆ ಒಂದೇ ತುಂಡಿನ ಪ್ಲಾಸ್ಟಿಕ್ ಬ್ರೇಸ್ ಮಾಡಿಸಿದರು. ಶೂವಿನ ಹಿಮ್ಮಡಿಯ ಎತ್ತರಕ್ಕಲ್ಲ, ಬರಿ ನೆಲಕ್ಕೆ ಹೊಂದುವ ಹಾಗೆ ಅದರ ಕೋನ ಇಡಿಸಿದರು. ಜಾರದಿರಲೆಂದು ಅಡಿಭಾಗಕ್ಕೆ ರಬ್ಬರು ಅಂಟಿಸಿದರು. ಅದನ್ನು ಕಟ್ಟಿದಾಗ ಬೆರಳು ಮೇಲೇ ಇರುತ್ತದೆ, ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಬಿಚ್ಚಿದರೆ ಪಾದ ಮತ್ತೆ ಜೋಲುತ್ತದೆ.

ಮುಂದಿನ ಶನಿವಾರ ಗುಡಿಯ ಬಾಗಿಲಲ್ಲಿ ಅಮ್ಮ ಅಳುಕುತ್ತ, ನಮ್ಮ ಕಡೆಯವರೇ ಆದ ಅರ್ಚಕರನ್ನು ಕೇಳಿದರು: "ಆಚಾರ್ರ, ಇದು ಪ್ಲಾಸ್ಟಿಕ್ ಅದರಿ, ಚರ್ಮ ಅಲ್ಲ. ನಡೀತದೇನ್ರಿ?"

ಅವರು ನನ್ನ ಕಾಲನ್ನೊಮ್ಮೆ ನೋಡಿದರು. "ನಮ್ಮ ನೀರಿನ ಬಕೀಟ ಪ್ಲಾಸ್ಟಿಕ್ ಆಗಿ ವರ್ಷ ಆತು, ಮಾರುತಿ ಏನೂ ಅಂದಿಲ್ಲ. ತೊಳಕೊಂಡ್ ಬರ್ರಿ ಒಳಗ."

ಪ್ರದಕ್ಷಿಣೆ ಹಾಕಿದೆ. ನಿಧಾನವಾಗಿ, ಯಾರ ಕೈಯನ್ನೂ ಹಿಡಿಯದೆ. ನಾನು ಬಿದ್ದಿದ್ದ ಕಲ್ಲನ್ನೂ ದಾಟಿದೆ.

ನಾನು ಬೇಡಿದ್ದು ವಾಸಿಯಾದ ಪಾದ. ಮಾರುತಿ ನನ್ನನ್ನು ಸರಿಯಾದ ಪ್ರಶ್ನೆ ಕೇಳುವವರ ಎದುರು ಕೂರಿಸಿದ. ಅದು ಅವನ ಕೃಪೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನಂಥ ಕಾಲಿರುವ ಭಕ್ತರಲ್ಲಿ ಒಂದು ವಿನಂತಿ: ಬ್ರೇಸ್ ಬಿಡುವುದನ್ನು ಹರಕೆಯಾಗಿಸಬೇಡಿ. ನೀವು ಬರಿಗಾಲಲ್ಲಿ ಎಲ್ಲಿ ನಡೆಯಬೇಕೆಂಬುದನ್ನು ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬ್ರೇಸ್ ಕಟ್ಟಿಕೊಂಡೆ. ತುಂಬಿದ ತಾಮ್ರದ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯನ್ನು ಬಿಟ್ಟು, ಮನೆಯ ನಡುವಿನಿಂದಲೇ ನಡೆದುಹೋಗಿ ದೇವರ ಮುಂದೆ ಇಟ್ಟೆ.