ನೂರೈವತ್ತಕ್ಕೆ ಏರಿಸಿದ ಬಸ್ ಸ್ಪೀಡ್

ನನಗೆ ಮೊದಲಿಂದಲೂ ತಾಳ್ಮೆ ಕಮ್ಮಿ. ಅಂಥವಳು ಹೋಗಿ ಸೇರಿದ್ದು ಚಾಮರಾಜನಗರದ ಒಂದು ಸ್ಟುಡಿಯೋಗೆ, ಮದುವೆ ವಿಡಿಯೋ ಮಿಕ್ಸಿಂಗ್ ಕೆಲಸಕ್ಕೆ. ಕ್ಯಾಸೆಟ್ ಹೋಗಿ ಸಿಡಿ ಬಂದಿದ್ದ ಕಾಲ. ಹಾಡು ಕೂಡಿಸಿ, ಗಂಡುಹೆಣ್ಣಿನ ಸುತ್ತ ಗುಲಾಬಿ ಹೂ ತಿರುಗಿಸಿ, ಕೊನೆಗೆ ರೆಂಡರಿಂಗಿಗೆ ಕೊಟ್ಟರೆ, ಕಂಪ್ಯೂಟರು ಅದನ್ನೆಲ್ಲ ಒಂದೇ ಫೈಲ್ ಮಾಡುವಷ್ಟರಲ್ಲಿ ದಿನವೇ ಕಳೆಯುತ್ತಿತ್ತು. ಪರದೆಯ ಮೇಲೆ ತೆವಳುವ ಪಟ್ಟಿಯನ್ನು ನೋಡುತ್ತಾ ನಾನು ಶಾಪ ಹಾಕುತ್ತಿದ್ದೆ.

ಪಕ್ಕದ ಕುರ್ಚಿಯವಳು ಗುಂಡ್ಲುಪೇಟೆಯಿಂದ ದಿನಾ ಓಡಾಡುತ್ತಿದ್ದಳು. ಮನೆಯಲ್ಲಿ ಉರ್ದು, ನನ್ನ ಹತ್ತಿರ ಅಪ್ಪಟ ನಮ್ಮ ಕಡೆಯ ಕನ್ನಡ. ಅವಳಣ್ಣ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದ. ಆ ವಿದ್ಯೆ ಅವಳಿಗೂ ಹತ್ತಿತ್ತು.

"ಬಯ್ಬೇಡ ಇರಮ್ಮಿ, ಇದನ್ನ ಓಡ್ಸನ," ಎಂದು ಒಂದು ದಿನ ಮೆಷಿನ್ ಆರಿಸಿ ಮತ್ತೆ ಹಾಕಿ ಡಿಲೀಟ್ ಕೀ ಒತ್ತಿದಳು. ಸೆಟ್ಟಿಂಗಿನ ನೀಲಿ ಪರದೆ ಬಂತು. ಅಲ್ಲಿ ಬಸ್ ಸ್ಪೀಡ್ ಎಂಬುದರ ಎದುರು 133 ಎಂದಿತ್ತು.

ವೇಗ ಬೇಕಿದ್ದದ್ದು ಪ್ರೊಸೆಸರಿಗೆ. ಇವಳು ಇನ್ನೇನನ್ನೋ ಮುಟ್ಟುತ್ತಿದ್ದಾಳಲ್ಲ ಎಂದು ನಾನು ರೇಗಿದೆ. ಅವಳು ಕೋಲಾಟದ ಲೆಕ್ಕದಲ್ಲಿ ತಿಳಿಸಿದಳು.

"ಬಸ್ ಅಂದ್ರೆ ತಾಳ ಕಣಮ್ಮಿ. ಒಂದು ತಾಳಕ್ಕೆ ಈ ಪ್ರೊಸೆಸರ್ ಹದಿನೈದು ಏಟು ಹಾಕ್ತದೆ. ಆ ಹದಿನೈದುಕ್ಕೆ ಮಾಡ್ದೋರೇ ಬೀಗ ಜಡ್ದ್‌ಬುಟ್ಟವ್ರೆ. ನಮ್ ಕೈಲಿರೋದು ತಾಳ ಒಂದೆ. ಅದ ಜೋರು ಮಾಡುದ್ರೆ ಪ್ರೊಸೆಸರೂ ಜೋರಾಯ್ತದೆ. ಆದ್ರೆ ಅದೇ ತಾಳಕ್ಕೆ ರ‍್ಯಾಮೂ ಕುಣೀಬೇಕು. ಅದ್ರ ಕೈಲಾಗ್ನಿಲ್ಲ ಅಂದ್ರೆ ಆಟವೇ ನಿಂತೋಯ್ತದೆ."

"ಹಂಗಾದ್ರೆ 166ಕ್ಕೆ ಹಾಕು," ಎಂದೆ. ಹಾಕಿದಳು. ಪರದೆ ಕಪ್ಪಾಗಿ ಮೆಷಿನ್ ಕೀಂಯ್ ಎಂದು ಕೂತುಬಿಟ್ಟಿತು. ಅವಳು ಒಳಗಿದ್ದ ಬಿಲ್ಲೆಯಂಥ ಬ್ಯಾಟರಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿದಳು. ಬಸ್ ಮೊದಲಿನ 133ಕ್ಕೇ ಬಂದು ನಿಂತಿತು. "ಅತಿ ಆಸೆ ಗತಿ ಕೇಡು," ಎಂದು ನನ್ನ ತಲೆಗೆ ಮೊಟಕಿದಳು. ಆಮೇಲೆ ಚೂರುಚೂರೇ ಏರಿಸುತ್ತಾ, ಪ್ರತಿ ಸಲವೂ ಒಂದು ಹಾಡು ರೆಂಡರ್ ಮಾಡಿ ನೋಡುತ್ತಾ, 150ಕ್ಕೆ ನಿಲ್ಲಿಸಿದಳು. ಬಿಸಿ ಹೆಚ್ಚಿತೆಂದು ಡಬ್ಬದ ಪಕ್ಕದ ತಗಡನ್ನು ಬಿಚ್ಚಿಯೇ ಇಟ್ಟು, ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದೆವು.

ಅಂದಿನಿಂದ ಕೆಲಸ ಬೇಗ ಮುಗಿಯತೊಡಗಿತು. ಮಿಕ್ಕ ಹೊತ್ತೆಲ್ಲ ಕಡ್ಲೆಕಾಯಿ ಬಿಡಿಸುತ್ತಾ ಕಂಡವರ ಮದುವೆಗಳನ್ನು ಆಡಿಕೊಂಡು ನಗುತ್ತಿದ್ದೆವು. ಈಗಿನ ಕಂಪ್ಯೂಟರು ಅಷ್ಟು ಕೆಲಸವನ್ನು ಕಾಫಿ ಕುಡಿಯುವಷ್ಟರಲ್ಲಿ ಮಾಡುತ್ತದೆ. ಆದರೂ ನನಗೆ ಆ ಹಳೆಯದೇ ಬೇಕೆನಿಸುತ್ತದೆ. ನಿಜ ಹೇಳಬೇಕೆಂದರೆ ಅವಳು ಬೇಕೆನಿಸುತ್ತದೆ.

ಆ ದಿನಗಳಲ್ಲೇ ಅವಳ ಮದುವೆಯೂ ಗೊತ್ತಾಯಿತು. ಗಂಡು ಕೇರಳದ ಕಡೆಯವನು. "ನನ್ ವಿಡಿಯೋ ನೀನೇ ಮಾಡ್ಬೇಕು. ಗುಲಾಬಿ ಗಿಲಾಬಿ ತಿರುಗ್ಸೀಯೆ, ಉಷಾರು!" ಎಂದಿದ್ದಳು. ಮದುವೆ ಮುಗಿದು, ಸಿಡಿ ತೆಗೆದುಕೊಂಡೇ ಗಂಡನೂರಿಗೆ ಹೋಗುತ್ತೇನೆಂದು ತವರಿನಲ್ಲಿ ಉಳಿದಿದ್ದಳು.

ಮಿಕ್ಸಿಂಗ್ ಎಲ್ಲ ಆಯಿತು. ಇನ್ನು ರೆಂಡರಿಂಗಿಗೆ ಕೊಡುವುದೊಂದೇ ಬಾಕಿ. ಅದು ಮುಗಿದರೆ ಅವಳು ಹೊರಟಳು ಎಂದೇ ಅರ್ಥ. ನನಗೆ ಅವಳು ಹೋಗುವುದು ಬೇಡವಾಗಿತ್ತು. ಮೆಷಿನ್ ಆರಿಸಿ ಹಾಕಿ, ಡಿಲೀಟ್ ಒತ್ತಿ, ಬಸ್ಸನ್ನು ಇಳಿಸಿದೆ. 133ಕ್ಕೂ ನಿಲ್ಲಿಸದೆ 100ಕ್ಕೆ ತಂದೆ.

ಮಧ್ಯಾಹ್ನ ಮೆಹಂದಿ ಕೈಯವಳು ಒಳಗೆ ಬಂದಾಗ ಪಟ್ಟಿ ಅರ್ಧವೂ ತುಂಬಿರಲಿಲ್ಲ.

"ಇನ್ನೂ ಆಗಿಲ್ವಾ?" ಎಂದವಳೇ ಬಿಚ್ಚಿದ ಡಬ್ಬದೊಳಗೆ ಕೈಯಿಟ್ಟು ನೋಡಿದಳು. "ತಣ್ಣಗೇ ಅದಲ್ಲಾ! ಎಷ್ಟುಕ್ಕೆ ಇಳ್ಸಿದ್ದೀಯೆ?"

"ನೂರುಕ್ಕೆ," ಎಂದೆ. ಅವಳ ಮುಖ ನೋಡಲಾಗಲಿಲ್ಲ.

ಮತ್ತೆ ಏರಿಸುವುದು ಅವಳಿಗೆ ಗೊತ್ತಿಲ್ಲದ ಕೆಲಸವೇನಲ್ಲ. ಅವಳು ಕೀಬೋರ್ಡ್ ಮುಟ್ಟಲಿಲ್ಲ. ಫ್ಯಾನ್ ಆರಿಸಿ, ತನ್ನ ಹಳೆಯ ಕುರ್ಚಿಯನ್ನೇ ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಬುಡು," ಎಂದಳು. "ಆದಾಗ ಆಯ್ತದೆ."