ಪರೀಕ್ಷೆಗೆ ಹೊರಟ ಎದೆ

ಡಾಕ್ಟರಾಗಲು ಓದುವ ಮಕ್ಕಳಿಗೆ ಪರೀಕ್ಷೆ ಬಂತೆಂದರೆ ದರ್ಜಿ ಮಾಮನಿಗೆ ಆಸ್ಪತ್ರೆಯಿಂದ ಕರೆ ಬರುತ್ತದೆ. ಅವರ ಹೃದಯದ ಒಂದು ಕವಾಟ ಕಿರಿದಾಗಿದೆ. ರಕ್ತ ಅದರಲ್ಲಿ ನುಸುಳುವಾಗ ಏಳುವ ಗುಡುಗುಡು ಸದ್ದನ್ನು ಸ್ಟೆತಸ್ಕೋಪಿನಲ್ಲಿ ಕೇಳಿ ಮಕ್ಕಳು ಕಾಯಿಲೆಯ ಹೆಸರು ಹೇಳಬೇಕು. ಅಂದು ಮಾಮನ ಠೀವಿ ನೋಡಬೇಕು. ತಾವೇ ಹೊಲಿದ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಹಾಕಿ ತೊಟ್ಟು, ಆಸ್ಪತ್ರೆಯ ಮಂಚದ ಮೇಲೆ ಮದುಮಗನ ಹಾಗೆ ಕೂರುತ್ತಾರೆ. "ನನ್ನ ಎದೆ ದಾಟದೆ ಈ ಊರಲ್ಲಿ ಯಾರೂ ಡಾಕ್ಟರಾಗಿಲ್ಲ" ಎನ್ನುವುದು ಅಂಗಡಿಗೆ ಬಂದವರಿಗೆಲ್ಲ ಅವರು ಅಳತೆ ತೆಗೆಯುತ್ತಲೇ ಹೇಳುವ ಮಾತು. ಗಾಬರಿಬಿದ್ದ ಹುಡುಗಿಯೊಬ್ಬಳು ತಮ್ಮನ್ನು ಎಡಮಗ್ಗುಲಿಗೆ ಹೊರಳಿಸಲು ಮರೆತರೆ, ಸೊಂಟ ನೋವೆಂದು ಗೊಣಗುತ್ತ ತಾವೇ ಹೊರಳಿಬಿಡುತ್ತಾರೆ. ಹಾಗೆ ಮಲಗಿದರೆ ಸದ್ದು ಚೆನ್ನಾಗಿ ಕೇಳುತ್ತದೆ. ಆಮೇಲೂ ತಪ್ಪು ಹೇಳಿದರೆ ಮಾತ್ರ ಮಾಮನ ಮುಖ ಗಂಟಿಕ್ಕುತ್ತದೆ: "ಇಷ್ಟು ಒಳ್ಳೆ ಸದ್ದು ತಂದಿದ್ದೀನಿ, ಇವರು ಕಿವಿಗೆ ಹತ್ತಿ ಇಟ್ಕೊಂಡು ಬಂದಿದ್ದಾರೆ." ಪರೀಕ್ಷೆಯ ಕೋಣೆ ಇರುವುದು ಮೂರನೇ ಮಹಡಿಯಲ್ಲಿ. ಮಾಮ ಲಿಫ್ಟಿನತ್ತ ತಿರುಗಿಯೂ ನೋಡದೆ ಮೆಟ್ಟಿಲು ಹತ್ತುತ್ತಾರೆ, ಒಂದೊಂದು ತಿರುವಿನಲ್ಲೂ ಕೂತು, ಕಂಬಿ ಹಿಡಿದು, ಏದುಸಿರು ಬಿಡುತ್ತ. ಜೊತೆಗೆ ಬರುವ ಹೆಂಡತಿಗೆ ಪ್ರತಿ ಸಲವೂ ಕಣ್ಣಲ್ಲಿ ನೀರು. "ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿಲ್ವೇನ್ರೀ? ಯಾಕೀ ಹಟ?" ಉಸಿರು ಕೂಡಿಬರುವವರೆಗೆ ಕಾದು ಮಾಮ ಹೇಳುತ್ತಾರೆ: "ಲಿಫ್ಟಲ್ಲಿ ಹೋದರೆ ಎದೆ ಸುಮ್ಮನಿರುತ್ತೆ ಕಣೇ. ಸದ್ದು ಸಣ್ಣಗಾಗಿ, ಪಾಪ, ಮಕ್ಕಳಿಗೆ ಕೇಳಿಸಲ್ಲ."