ಭಾವ ಪೊರಕೆಗೆ ಬೀಗ ಹಾಕಿದ್ದು

ನಮ್ಮ ಅಕ್ಕನ ಗಂಡನಿಗೆ ಬೀದಿಯಲ್ಲಿ ಎಲ್ಲರೂ ಬೀಗದಣ್ಣ ಎನ್ನುತ್ತಾರೆ. ಮೂವತ್ತು ವರ್ಷದಿಂದ ಒಂದೇ ಮೂಲೆಯ ಅಂಗಡಿ. ಒಬ್ಬ ಒಳಗೆ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಕೀಲಿ ಕಳೆದುಕೊಂಡವರು ಬಂದು ಗೋಳಾಡಿದರೆ ಒಂದು ಮಾತೂ ಆಡದೆ ಚೀಲ ಹೆಗಲಿಗೆ ಹಾಕಿ ಹೊರಡುತ್ತಾರೆ. ಬೀಗಕ್ಕೆ ಕಿವಿ ಕೊಟ್ಟು, ಒಳಗೆ ತಂತಿ ಆಡಿಸಿ, ಡಾಕ್ಟರು ಎದೆ ನೋಡುವ ಹಾಗೆ ನೋಡಿ ತೆಗೆಯುತ್ತಾರೆ. ಬಾಗಿಲು ತೆರೆದ ಕೂಡಲೇ ಮುಖ ಆ ಕಡೆ ತಿರುಗಿಸಿಬಿಡುತ್ತಾರೆ. ಪರರ ಮನೆಯೊಳಗೆ ಇಣುಕಬಾರದು, ಅದು ಅವರ ಕಸುಬಿನ ಮರ್ಯಾದೆ.

ಇಂಥವರ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಬರೆ ಎಂದು ಅಕ್ಕ ಹೇಳಿದ್ದಾಳೆ. ಬರೆಯುತ್ತೇನೆ. ಆದರೆ ಆ ಎರಡು ವಾರ ಅವರು ಕೊಟ್ಟ ಕಾಟವನ್ನು ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ.

ಮದುವೆಯಾದ ಮೇಲೆ ಹನ್ನೆರಡು ವರ್ಷ ಭಾವ ಕುಡಿದರು. ಬೀದಿಯವರ ಬೀಗವನ್ನೆಲ್ಲ ತೆಗೆಯುವ ಮನುಷ್ಯ ಸ್ವಂತ ಮನೆಯ ಬೀಗ ತೆಗೆಯಲಾಗದೆ ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅಕ್ಕ ಅವರನ್ನು ಸಭೆಗೆ ಎಳೆದುಕೊಂಡು ಹೋದಳು. ಪಾಸ್ಟರಯ್ಯ ತಲೆಯ ಮೇಲೆ ಕೈಯಿಟ್ಟು, ಯೇಸುವಿನ ಹೆಸರಿನಲ್ಲಿ ಹೊರಡು ಎಂದು ಕುಡಿತದ ದೆವ್ವಕ್ಕೆ ಹೇಳಿದರು. ಹೊರಟಿತು. ಅವತ್ತಿನಿಂದ ಭಾವ ಒಂದು ತೊಟ್ಟು ಮುಟ್ಟಿಲ್ಲ. ನಾನು ಕಣ್ಣಾರೆ ಕಂಡದ್ದು. ಇಲ್ಲ ಎನ್ನುವವರು ನನ್ನ ಮುಂದೆ ಬಂದು ಹೇಳಲಿ.

ಇತ್ತೀಚೆಗೆ ಒಂದು ಭಾನುವಾರ ಪಾಸ್ಟರಯ್ಯ ಯೇಸುಸ್ವಾಮಿ ಹೇಳಿದ ಒಂದು ಮಾತನ್ನು ಎತ್ತಿಕೊಂಡರು. ಮನುಷ್ಯನನ್ನು ಬಿಟ್ಟ ದೆವ್ವ ನೀರಿಲ್ಲದ ಕಡೆಯೆಲ್ಲ ಅಲೆದು, ಎಲ್ಲೂ ನೆಲೆ ಸಿಗದೆ, ಹಳೆಯ ಮನೆಗೇ ವಾಪಸು ಬರುತ್ತದಂತೆ. ಬಂದು ನೋಡಿದರೆ ಮನೆ ಖಾಲಿ, ಚೆನ್ನಾಗಿ ಗುಡಿಸಿದೆ. ತನಗಿಂತ ಕೆಟ್ಟ ಇನ್ನೂ ಏಳು ದೆವ್ವಗಳನ್ನು ಕರೆತಂದು ಅಲ್ಲೇ ಬಿಡಾರ ಹೂಡುತ್ತದಂತೆ. ಅದಕ್ಕೇ ಮನೆ ಖಾಲಿ ಬಿಡಬೇಡಿ, ಕ್ರಿಸ್ತನಿಂದ ತುಂಬಿ ಎಂದರು. ಸಭೆಯಲ್ಲಿ ನೂರು ಜನ ಇದ್ದರು. ಎಲ್ಲರೂ ಆಮೆನ್ ಎಂದು ಮನೆಗೆ ಹೋಗಿ ಉಂಡು ಮಲಗಿದರು. ನಮ್ಮ ಭಾವ ಮಾತ್ರ ಮನೆಗೆ ಹೋಗಿ ಪೊರಕೆಯನ್ನು ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದರು.

ಮೂರನೆಯ ದಿನ ಅಕ್ಕ ಬಟ್ಟೆಯ ಚೀಲ ಹಿಡಿದು ನಮ್ಮ ಮನೆಗೆ ಬಂದಳು.

“ಏನಾಯ್ತಕ್ಕ?”

“ನಿಮ್ಮ ಭಾವಂಗೆ ತಲೆ ಕೆಟ್ಟಿದೆ ಕಣೋ. ಮನೆ ಗುಡಿಸಬಾರ್ದಂತೆ.”

“ಯಾಕಂತೆ?”

“ಗುಡಿಸಿದ ಮನೆಗೇ ದೆವ್ವ ಬರೋದಂತೆ. ಗಲೀಜಾಗಿದ್ರೆ ಬಾಗಿಲಲ್ಲೇ ಮೂಗು ಮುಚ್ಕೊಂಡು ಹೊರಟೋಗತ್ತಂತೆ.”

“ದೆವ್ವ ಅಷ್ಟು ನಾಜೂಕಾ ಅತ್ತಿಗೆ?” ಒಳಗಿನಿಂದ ನನ್ನ ಹೆಂಡತಿ ಕೇಳಿದಳು.

“ನಾನೂ ಅದನ್ನೇ ಕೇಳ್ದೆ ಕಣೆ. ಸೈತಾನನ ಪರ ಮಾತಾಡ್ಬೇಡ ಅಂದ್ರು. ಪೊರಕೆ ಈಚೆ ಬರೋ ತನಕ ಆ ಮನೆ ಹೊಸಿಲು ತುಳಿಯಲ್ಲ ನಾನು.”

ನಮ್ಮದು ಒಂದೂವರೆ ಕೋಣೆಯ ಮನೆ. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಗುಡಿಸಿದಳು. ಎರಡು ದಿನ ಹೆಂಡತಿ ಖುಷಿಯಾಗಿದ್ದಳು. ಮೂರನೆಯ ದಿನ ಇವಳು ಗುಡಿಸಿದ ಜಾಗವನ್ನೇ ಅಕ್ಕ ಮತ್ತೆ ಗುಡಿಸಿದಳು. ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ನಾನು ಸಾಮಾನಿನ ಚೀಲದಲ್ಲಿ ಕಬ್ಬಿಣ ಕೊಯ್ಯುವ ಗರಗಸ ಹಾಕಿಕೊಂಡು ಭಾವನ ಮನೆಗೆ ಹೊರಟೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಎಂಟು ದೆವ್ವ ಎಲ್ಲೆಲ್ಲಿ ನಿಲ್ಲಬಹುದು ಎಂದು ಅಳತೆಪಟ್ಟಿ ಹಿಡಿದು ನೋಡಿ, ಅಲ್ಲೆಲ್ಲ ಏನಾದರೊಂದು ತುರುಕಿದ್ದರು. ಒಂದು ಮೂಲೆಗೆ ಲಾರಿ ಟಯರು. ಇನ್ನೊಂದಕ್ಕೆ ಮೂರು ಕಾಲಿನ ಕುರ್ಚಿ. ಮಂಚದ ಕೆಳಗೆ ಖಾಲಿ ಪೆಟ್ಟಿಗೆಗಳು. ಪೆಟ್ಟಿಗೆಯೂ ಖಾಲಿ ಇರಬಾರದೆಂದು ಅದರೊಳಗೆ ಇನ್ನೊಂದು ಪೆಟ್ಟಿಗೆ. ನೆಲದ ಮೇಲೆ ವಾರದ ಧೂಳು, ಧೂಳಿನ ನಡುವೆ ಟ್ರಂಕು, ಟ್ರಂಕಿನ ಮೇಲೆ ಭಾವ.

“ಒಳ್ಳೇ ಹೊತ್ತಿಗೆ ಬಂದೆ ಭಾವಮೈದ. ಅಡುಗೆಮನೆ ನಲ್ಲಿ ಸ್ವಲ್ಪ ಸೋರೋ ಹಾಗೆ ಮಾಡ್ಕೊಡು.”

“ಏನು?”

“ನೀರಿಲ್ಲದ ಕಡೆ ತಾನೇ ಅದು ಓಡಾಡೋದು? ತೊಟ್ ತೊಟ್ ಅಂತಿದ್ರೆ ಈ ಕಡೆ ತಲೆ ಹಾಕಲ್ಲ.”

ನಾನು ನಲ್ಲಿ, ಪೈಪು ರಿಪೇರಿ ಮಾಡುವವನು. ಸೋರುವುದನ್ನು ನಿಲ್ಲಿಸಪ್ಪಾ ಎನ್ನುವ ಗಿರಾಕಿಗಳನ್ನು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ. ಸೋರಿಸು ಎಂದವರು ಇವರೊಬ್ಬರೇ. ಚೀಲದಿಂದ ಗರಗಸ ಈಚೆ ತೆಗೆದೆ.

“ಏಳಿ ಭಾವ. ಬೀಗ ಕೊಯ್ತೀನಿ.”

“ಮೊದಲು ನನ್ನನ್ನ ಕೊಯ್ಯಿ.”

ಅರ್ಧ ಗಂಟೆ ಕೂಗಾಡಿದೆ. ಅವರು ಏಳಲಿಲ್ಲ. ಪಕ್ಕದ ಮನೆಯವರು ಕಿಟಕಿಗೆ ಬಂದು ನಿಂತರು. ಸೋತು ಬಂದೆ. ಅಕ್ಕ ಒಂದು ವಾರ ಯಾರ ಹತ್ತಿರವೂ ನಗಲಿಲ್ಲ. ಇನ್ನು ಆ ಮನೆಗೆ ಹೋಗೋದೇ ಇಲ್ಲ, ಎಲ್ಲಾದರೂ ಒಂದು ಕೋಣೆ ನೋಡು ಎಂದಳು. ಅವಳು ತಮಾಷೆಗೆ ಹೇಳುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಕುಡುಕನ ಜೊತೆ ಹನ್ನೆರಡು ವರ್ಷ ಬಾಳಿದವಳು ಕಸದ ವಿಷಯಕ್ಕೆ ಗಂಡನನ್ನು ಬಿಡುವುದೆಂದರೆ ಏನು? ಮಾರನೆಯ ಬೆಳಿಗ್ಗೆ ಪಾಸ್ಟರಯ್ಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮತ್ತೆ ಹೋದೆ.

ಪಾಸ್ಟರಯ್ಯನಿಗೆ ಕೂರಲು ಟಯರೇ ಸಿಕ್ಕಿತು.

“ಕಸದಿಂದ ತುಂಬಿ ಅಂತ ನಾನೆಲ್ಲಿ ಹೇಳ್ದೆನಪ್ಪ? ಕ್ರಿಸ್ತನಿಂದ ತುಂಬಿ ಅಂದೆ.”

“ಅದು ಮನಸ್ಸಿಗಾಯ್ತು ಅಯ್ಯಾ. ಮನೆಗೆ?”

“ಅಲ್ಲಿ ಮನೆ ಅಂದ್ರೆ ಮನುಷ್ಯ.”

“ಬೀಗ ನನ್ನ ಕಸುಬು ಅಯ್ಯಾ. ಮನೆ ಅಂದ್ರೆ ಮನೆನೇ. ಎಷ್ಟೋ ಮನೆ ನೋಡಿದ್ದೀನಿ, ಕಳ್ಳ ನುಗ್ಗೋದು ಓರಣವಾಗಿ ಇಟ್ಟ ಮನೆಗೇ.”

ಪಾಸ್ಟರಯ್ಯ ಟಯರನ್ನು ಭಾವನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, “ಹನ್ನೊಂದು ವರ್ಷ ಇಲ್ಲದ ಭಯ ಈಗ ಯಾಕೆ ಬಂತು?” ಎಂದರು.

ಭಾವ ಟ್ರಂಕಿನ ಬೀಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು. ಕಡೆಗೆ ಬಾಯಿಬಿಟ್ಟರು. ಪಾಸ್ಟರಯ್ಯ ಆ ದೆವ್ವದ ಮಾತು ಹೇಳಿದ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಹೆಂಡದಂಗಡಿಯವನು ಬಂದಿದ್ದನಂತೆ. ಬೀಗದೊಳಗೇ ಕೀಲಿ ಮುರಿದಿದೆ, ತೆಗೆದುಕೊಡಿ ಎಂದನಂತೆ. ಹೋಗಿ ತೆಗೆದರಂತೆ.

“ಯಾವಾಗ್ಲೂ ಮುಖ ತಿರುಗಿಸ್ತೀನಿ. ಅವತ್ತು ತಿರುಗಿಸೋಕಾಗಲಿಲ್ಲ. ಅರ್ಧ ಗಂಟೆ ಬಾಟ್ಲಿಗಳನ್ನ ನೋಡ್ತಾ ನಿಂತಿದ್ದೆ. ಅದು ಹಿಂದೇನೇ ಬಂದಿದೆ ಅಯ್ಯಾ. ಬಾಗಿಲ ಹೊರಗೇ ಇದೆ. ಅವಳಿಗೆ ಹೇಳ್ಬೇಡಿ.”

ಮರುಕ ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು.

“ಅಲ್ಲ ಭಾವ, ಬುದ್ಧಿ ಇದೆಯಾ? ಟಯರು ತುಂಬಿದ್ರಿ, ಪೆಟ್ಟಿಗೆ ತುಂಬಿದ್ರಿ, ಪ್ರಾರ್ಥನೆ ಮಾಡೋ ಒಂದು ಜೀವ ಇತ್ತು, ಅದನ್ನ ಹೊರಗಟ್ಟಿದ್ರಿ. ಅಕ್ಕ ಇಲ್ದೆ ಹೋದ್ರೆ ಇದು ಖಾಲಿ ಮನೆ ಅಲ್ದೆ ಇನ್ನೇನು?”

ಬೈಯಬೇಕೆಂದು ಹೇಳಿದ್ದು. ಭಾವನ ಮುಖ ಸುಣ್ಣದಂತಾಯಿತು. ಬೆರಳು ಮಡಿಸಿ ದಿನ ಎಣಿಸಿದರು.

“ಅಯ್ಯಾ, ಹನ್ನೊಂದು ದಿನ ಖಾಲಿ ಬಿಟ್ಟಿದ್ದೀನಾ?”

“ಹೌದಪ್ಪ, ಹಾಗೇ ಆಯ್ತು,” ಎಂದರು ಪಾಸ್ಟರಯ್ಯ. ಸಿಕ್ಕ ಅವಕಾಶ ಬಿಡುವವರಲ್ಲ.

ಭಾವ ಎದ್ದರು. ಪಾಸ್ಟರಯ್ಯನನ್ನು ಟಯರಿನಿಂದ ಎಬ್ಬಿಸಿ ಟ್ರಂಕಿನ ಮೇಲೆ ಕೂರಿಸಿದರು. “ನಾನು ಬರೋ ತನಕ ಏಳ್ಬೇಡಿ,” ಎಂದು ಹೇಳಿ ಬರಿಗಾಲಲ್ಲೇ ಬೀದಿಗೆ ಓಡಿದರು. ನಾನು ಸ್ಕೂಟರು ತೆಗೆಯುವಷ್ಟರಲ್ಲಿ ತಿರುವು ದಾಟಿದ್ದರು.

ನಮ್ಮ ಮನೆಯಲ್ಲಿ ಅಕ್ಕ ಬಾಗಿಲ ಮುಂದೆ ಗುಡಿಸುತ್ತಿದ್ದಳು. ಹೇಳಬೇಡಿ ಎಂದಿದ್ದ ಮನುಷ್ಯ ಏದುಸಿರು ಬಿಡುತ್ತಾ ತಾನೇ ಎಲ್ಲವನ್ನೂ ಹೇಳಿಬಿಟ್ಟರು. ಅಕ್ಕ ಸೊಂಟ ನೆಟ್ಟಗೆ ಮಾಡಿ ನಿಂತಳು.

“ಅರ್ಧ ಗಂಟೆ ನಿಂತ್ರಿ. ಕುಡಿದ್ರಾ?”

“ಇಲ್ಲ.”

“ಅವನು ಕೊಡ್ತೀನಿ ಅನ್ಲಿಲ್ವಾ?”

“ಅಂದ. ಗ್ಲಾಸಿಗೆ ಸುರಿದು ಮುಂದೆ ಇಟ್ಟ.”

“ಆಮೇಲೆ?”

“ಯೇಸಪ್ಪಾ ಅಂದೆ. ಬೇರೇನೂ ಬಾಯಿಗೆ ಬರಲಿಲ್ಲ. ಚೀಲ ತಗೊಂಡು ಬಂದೆ.”

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು.

“ಅದು ಓಡಿಹೋಗಿದ್ದು ಅವತ್ತೇ ರೀ. ಗೆದ್ದು ಬಂದೋರು ನೀವು. ಗೆದ್ದೋರು ಯಾರಾದ್ರೂ ಟ್ರಂಕಿನ ಮೇಲೆ ಹದಿನಾಲ್ಕು ದಿನ ಕೂರ್ತಾರಾ?”

ಭಾವನಿಗೆ ಇದು ಹೊಳೆದೇ ಇರಲಿಲ್ಲ. ಮಗುವಿನ ಹಾಗೆ ಅವಳನ್ನೇ ನೋಡಿದರು. ನನ್ನ ಹೆಂಡತಿ ಒಳಗಿನಿಂದ ಅಕ್ಕನ ಚೀಲ ತಂದುಕೊಟ್ಟಳು. ಯಾರೂ ಕೇಳಿರಲಿಲ್ಲ.

ಭಾವ ಪಾಸ್ಟರಯ್ಯನನ್ನು ಎಬ್ಬಿಸಿ, ಟ್ರಂಕಿನ ಬೀಗ ತೆಗೆದು ಪೊರಕೆಯನ್ನು ಅಕ್ಕನ ಕೈಗೆ ಕೊಟ್ಟರು. ಮನೆ ತೊಳೆಯಲು ಎರಡು ದಿನ ಹಿಡಿಯಿತು. ಟಯರನ್ನು ನಾನೇ ಉರುಳಿಸಿಕೊಂಡು ಹೋಗಿ ಗುಜರಿಗೆ ಹಾಕಿ ಬಂದೆ. ಆದರೂ ಭಾವನಿಗೆ ಒಳಗೆ ಸ್ವಲ್ಪ ಅಳುಕು ಉಳಿದಿದೆ. ಈಗ ದಿನಾ ಬೆಳಿಗ್ಗೆ ಅಕ್ಕ ಗುಡಿಸಿಕೊಂಡು ಹೋದ ಜಾಗಕ್ಕೆ ಇವರು ಸ್ಟೂಲು ಎಳೆದು, ಕಾಲು ಮೇಲಿಟ್ಟುಕೊಂಡು ಕೂತು ಸ್ತೋತ್ರ ಹಾಡುತ್ತಾರೆ. ಅವಳು ಮುಂದಿನ ಮೂಲೆಗೆ ಹೋದರೆ ಇವರ ಸ್ಟೂಲೂ ಹಿಂದೆಯೇ. ಗುಡಿಸಿದ ಜಾಗ ಒಂದು ನಿಮಿಷವೂ ಖಾಲಿ ಇರಬಾರದು. ಅವಳು ಬೈಯುತ್ತಾಳೆ, ಮಧ್ಯೆ ಮಧ್ಯೆ ಹಾಡಿಗೆ ದನಿಯನ್ನೂ ಕೂಡಿಸುತ್ತಾಳೆ.

ಒಂಬತ್ತಕ್ಕೆ ತೆಗೆಯುತ್ತಿದ್ದ ಅಂಗಡಿ ಈಗ ಹತ್ತೂವರೆಗೆ ತೆಗೆಯುತ್ತದೆ. ಕೀಲಿ ಕಳೆದುಕೊಂಡವರೆಲ್ಲ ನನ್ನ ಹತ್ತಿರ ಬಂದು ಎಲ್ರೀ ನಿಮ್ಮ ಭಾವ ಎಂದು ಕೂಗಾಡುತ್ತಾರೆ. ನಾನೂ ಕೂಗುತ್ತೇನೆ, “ಇನ್ನೂ ಅಡುಗೆಮನೆ ಬಾಕಿ ಇದೆ, ನಿಲ್ರೀ.”